ಎಡಗಡೆ ನಿಲ್ಲುವವಳು

ಗುರ್ರ್ ಎಂದು ಸಣ್ಣ ಮೋಟಾರು ತಿರುಗಿದ ಸದ್ದು, ಆಮೇಲೆ ಟಿಕ್, ಮತ್ತೆ ಗುರ್ರ್, ಮತ್ತೆ ಟಿಕ್ — ಬಾಗಿಲು ಪೂರ್ತಿ ಮುಚ್ಚಿಲ್ಲ, ನಾಲ್ಕು ಬೆರಳಗಲ ಸಂದು ಬಿಟ್ಟಿದೆ, ಸಂದಿನಾಚೆ ಕತ್ತಲೆ, ಕತ್ತಲೆಯಲ್ಲಿ ಇವರು ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ತೂರಿಸಿ ಕೂತಿದ್ದಾರೆ, ಎಡಗಣ್ಣಿಗೆ ಪಟ್ಟಿ, ಬಲಗಣ್ಣಿಗೆ ಪರೀಕ್ಷೆ, ಕೈಯಲ್ಲಿ ಕರೆಗಂಟೆಯದರಂಥ ಒಂದು ಗುಂಡಿ. ಬೋಗುಣಿಯೊಳಗೆ ಎಲ್ಲಾದರೂ ಬೆಳಕಿನ ಚುಕ್ಕೆ ಕಂಡರೆ ಗುಂಡಿ ಒತ್ತಬೇಕು, ಅಷ್ಟೇ. ಕಾಕಾ, ಸಮೋರ್ ಬಘಾ, ಎಂದಳು ಮರಾಠಿಯಲ್ಲಿ ಯಂತ್ರ ನಡೆಸುವ ಹೆಂಗಸು, ಮುಂದೆ ಮಾತ್ರ ನೋಡಬೇಕಂತೆ, ಅತ್ತಿತ್ತ ಕಣ್ಣು ಹಾಯಿಸಕೂಡದಂತೆ, ಅದಕ್ಕೆ ಇವರ ದನಿ, ಆಣಿ ನಾಹೀ ದಿಸಲಾ ತರ್, ಕಾಣದೇ ಹೋದರೆ ಏನು ಮಾಡಲಿ ಎಂದು, ಅವಳು ನಕ್ಕಳು, ಕಾಣದೇ ಹೋದರೆ ಕಾಣಲಿಲ್ಲವೆಂದು ನಿಮಗೆ ಗೊತ್ತೇ ಆಗುವುದಿಲ್ಲವಲ್ಲ ಕಾಕಾ, ಸುಮ್ಮನೆ ಕೂತಿರಿ. ಇವರೂ ನಕ್ಕರು. ಗುರ್ರ್ ಯಂತ್ರದ್ದು, ಟಿಕ್ ಇವರದು — ಯಾರೂ ಹೇಳಿದ್ದಲ್ಲ, ಹೊರಗಿನ ಬೆಂಚಿನ ಮೇಲೆ ಐದು ನಿಮಿಷ ಕಿವಿಗೊಟ್ಟು ಕೂತು ನಾನೇ ಕಂಡುಕೊಂಡದ್ದು. ಟಿಕ್ ಬಾರದ ಗುರ್ರ್ ಎಂದರೆ ಬೆಳಕು ಬಂದು ಹೋಯಿತು, ಇವರಿಗೆ ಕಾಣಲಿಲ್ಲ. ಟೋಕನ್ ಚೀಟಿಯ ಹಿಂಬದಿಗೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದೇನೆ, ಇಪ್ಪತ್ತು ಗುರ್ರ್, ಹದಿನಾಲ್ಕು ಟಿಕ್. ಇದರಿಂದ ಏನೂ ಹೇಳಲಾಗದು, ಬೆಳಕನ್ನು ಬೇಕೆಂದೇ ಮಸುಕು ಮಾಡುತ್ತ ಹೋಗುತ್ತಾರಂತೆ, ಒಳ್ಳೆಯ ಕಣ್ಣೂ ಕೆಲವನ್ನು ಬಿಡುತ್ತದಂತೆ, ಡಾಕ್ಟರು ಶುಕ್ರವಾರವೇ ಹೇಳಿದ್ದರು. ಇವತ್ತು ಮಂಗಳವಾರ, ಫೆಬ್ರವರಿ ಹನ್ನೆರಡು, ಎರಡು ಸಾವಿರದ ಎರಡು, ಹನ್ನೊಂದೂ ಇಪ್ಪತ್ತು. ತಾರೀಖು ಹಾಕದೆ ನನ್ನ ತಲೆಯೊಳಗೆ ಯಾವುದೂ ನಿಲ್ಲುವುದಿಲ್ಲ, ಹತ್ತೊಂಬತ್ತು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವಳ ರೋಗ ಇದು, ಇದಕ್ಕೆ ದವಾಖಾನೆ ಇಲ್ಲ.

ಶುಕ್ರವಾರ ಇವರು ಗೋಡೆಯ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿದರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದ ಮುದ್ರಣಾಲಯದ ಹೆಸರನ್ನೂ ಓದಿ ಡಾಕ್ಟರ ಕಡೆ ನೋಡಿದರು, ಬಹುಮಾನಕ್ಕೆ ಕಾಯುವವರ ಹಾಗೆ. ನಾಗಪುರದ ಸಿವಿಲ್ ಲೈನ್ಸಿನ ಸರಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗಣಿಗಳ ನಕ್ಷೆ ಬರೆದ ಕಣ್ಣು, ಒಂದು ಮಿಲಿಮೀಟರಿನಲ್ಲಿ ನಾಲ್ಕು ಗೆರೆ ಒಂದಕ್ಕೊಂದು ತಾಗದಂತೆ ಎಳೆಯುವ ಕಣ್ಣು, ಅದಕ್ಕೆ ಏನಾದೀತು. ನಡುವೆ ಇರುವುದು ಕೊನೆಯವರೆಗೂ ಚೆನ್ನಾಗಿಯೇ ಕಾಣುತ್ತದೆ, ಮೊದಲು ಹೋಗುವುದು ಅಂಚು, ಎಂದರು ಡಾಕ್ಟರು, ಕಣ್ಣಿನೊಳಗೆ ಒತ್ತಡ ಬಹಳ ಇದೆ, ಇದು ಕಾಚಬಿಂದು, ಗ್ಲಾಕೋಮಾ, ಎಷ್ಟು ಹೋಗಿದೆ ಎಂದು ಯಂತ್ರ ಹೇಳಬೇಕು, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು, ಎಷ್ಟು ಬೇಗ ಬಂದಿರೋ ಅಷ್ಟು ಒಳ್ಳೆಯದು. ಬೇಗ. ಆ ಪದ ಬಿದ್ದಾಗ ನಾನು ಮೇಜಿನ ಮೇಲಿದ್ದ ಕಣ್ಣಿನ ಪ್ಲಾಸ್ಟಿಕ್ ಮಾದರಿಯನ್ನು ನೋಡುತ್ತಿದ್ದೆ, ಅದು ಎರಡು ಹೋಳಾಗಿ ಬಿಚ್ಚುತ್ತದೆ, ಒಳಗೆ ಕಿತ್ತಳೆ ಬಣ್ಣ. ಅಂಚು ಹೋದರೆ ಅಲ್ಲಿ ಏನು ಕಾಣುತ್ತದೆ ಡಾಕ್ಟರ್, ಕಪ್ಪೋ, ಎಂದು ಕೇಳಿದೆ. ಇವರು ನನ್ನ ಕಡೆ ತಿರುಗಿದರು, ಇದೇನು ಕೇಳುತ್ತಿದ್ದಾಳೆ ಎಂಬಂತೆ. ಕಪ್ಪಲ್ಲ, ಎಂದರು ಡಾಕ್ಟರು, ಏನೂ ಇಲ್ಲ, ಸುತ್ತಲಿನದನ್ನೇ ಮಿದುಳು ಅಲ್ಲಿಗೂ ಎಳೆದು ಹೊದಿಸಿಬಿಡುತ್ತದೆ, ಗೋಡೆಯ ಪಕ್ಕ ಇದ್ದರೆ ಗೋಡೆ, ಆಕಾಶದ ಪಕ್ಕ ಇದ್ದರೆ ಆಕಾಶ. ಹಾಗಾದರೆ ಹಿಮದ ಪಕ್ಕ ಹಿಮ — ಇದನ್ನು ಬಾಯಿಬಿಟ್ಟು ಹೇಳಲಿಲ್ಲ.

ಆ ಹಿಮಕ್ಕೆ ನಾವು ಹೋದದ್ದೇ ಒಂದು ಕಾರ್ಡಿನಿಂದ. ಯೂತ್ ಹಾಸ್ಟೆಲ್ ಸಂಸ್ಥೆಯ ಆಜೀವ ಸದಸ್ಯತ್ವದ ಕಾರ್ಡು, ಎಪ್ಪತ್ತೊಂಬತ್ತರದ್ದು, ಫೋಟೋದಲ್ಲಿ ದಪ್ಪ ಮೀಸೆ, ಕೆಳಗೆ ಶಿವಶರಣಪ್ಪ ಎಂದು ಇಂಗ್ಲಿಷಿನಲ್ಲಿ, ಪರದೇಶದ ಹಾಸ್ಟೆಲುಗಳಲ್ಲೂ ನಡೆಯುತ್ತದೆ ಎಂದು ಹಿಂದುಗಡೆ ಬರೆದಿತ್ತು, ಆ ಒಂದು ಸಾಲನ್ನು ಇವರು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದರು. ಸಾಯೂದ್ರಾಗ ಒಮ್ಮೆರೆ ಈ ಕಾರ್ಡ್ ಪರದೇಶದಾಗ ತೋರಿಸಬೇಕ ನೋಡು ಪ್ರಭಾ. ಆಸ್ಟ್ರಿಯಾ ಎಂದು ಗೊತ್ತಾದದ್ದು ಅಲ್ಲಿ ಡಿಸೆಂಬರಿನಲ್ಲಿ ಹಾಸಿಗೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ. ಅತ್ತೆಗೆ ಹೇಳಿದರೆ ಅವರು ಹೆಸರುಬೇಳೆ ಆರಿಸುತ್ತ ತಲೆ ಎತ್ತಲಿಲ್ಲ, ಬರಫ ನೋಡಾಕ ಅಷ್ಟು ದೂರ ಯಾಕ ಹೋಗ್ತೀರಿ, ಫ್ರಿಜ್ಜಿನ ಬಾಗ್ಲಾ ತಗದು ಮಾರಿ ಇಟ್ಟು ನಿಂದರ್ರಿ. ಬಜಾಜ್ ನಗರದ ಸೈಬರ್ ಕೆಫೆಯಲ್ಲಿ ಫಾರ್ಮು ತುಂಬಿದ್ದು, ಕೀಲಿಮಣೆಗೆ ಮಗಳು ಧನಶ್ರೀ, ಹಿಂದೆ ನಿಂತು ಹೇಳಿಕೊಡುವವಳು ನಾನು. ಎಷ್ಟು ಹಾಸಿಗೆ, ಎರಡು. ಗಂಡಸರೆಷ್ಟು, ಒಂದು. ಹೆಂಗಸರೆಷ್ಟು, ಒಂದು. ಅವ್ವಾ, ಹಜ್ಬೆಂಡ್-ವೈಫ್ ಅಂತ ಲಿಹೂ ಕಾ ಖಾಲೀ, ಎಂದಳು, ಕೆಳಗೆ ಬರೆಯಲೇ ಎಂದು. ಕೇಳ್ಯಾರೇನು, ಎಂದೆ ನಾನು, ಕೇಳಲಾರದ್ದು ಬರೀಬಾರದು, ಬರದರ ಅವರಿಗೆ ಗೊಂದಲ ಆಗ್ತದ. ಫಾರ್ಮು ಅಚ್ಚುಕಟ್ಟಾಗಿತ್ತು. ಒಂದು ತಪ್ಪಿರಲಿಲ್ಲ.

ಆದ್ದರಿಂದ ಡಿಸೆಂಬರ್ ಇಪ್ಪತ್ತೇಳರ ಮಧ್ಯಾಹ್ನ, ಸಾವಿರದ ಆರುನೂರ ನಲವತ್ತು ಮೀಟರ್ ಎತ್ತರದಲ್ಲಿ, ಬೂಟು ಹೊರಗೆ ಬಿಡಿಸಿ ಕೈಗೆ ಬಟ್ಟೆಯ ಚಪ್ಪಲಿ ಕೊಟ್ಟ ಹಾಸ್ಟೆಲಿನ ಒಡತಿ ಇವರಿಗೆ ಎಡಗಡೆಯ ಏಣಿ ತೋರಿಸಿದಳು, ನನಗೆ ಬಲಗಡೆಯ ಏಣಿ. ಗಂಡಸರ ಕೋಣೆ, ಆರು ಮಂಚ. ಹೆಂಗಸರ ಕೋಣೆ, ಎಂಟು ಮಂಚ. ನಾವು ಗಂಡ ಹೆಂಡತಿ ಎಂದು ಇವರು ಹೇಳಿದರೆ ಆಕೆ ಫಾರ್ಮಿನ ಪ್ರತಿ ತೆಗೆದು, ನನ್ನದೇ ಉತ್ತರಗಳನ್ನು, ಬೆರಳಿಟ್ಟು ತೋರಿಸಿದಳು, ಹೊಸ ವರ್ಷಕ್ಕೆ ಜನ ತುಂಬಿದ್ದಾರೆ, ಬೇರೆ ಕೋಣೆ ಇಲ್ಲ. ಇವರು ಕೈಯಲ್ಲಿ ಚಪ್ಪಲಿ ಹಿಡಿದು ಏಣಿಯ ಬುಡದಲ್ಲಿ ನಿಂತು ನನ್ನನ್ನು ನೋಡಿದ ರೀತಿ — ಇಪ್ಪತ್ತೈದು ವರ್ಷ ಸಂಸಾರ ಮಾಡೇವಿ, ಒಂದ ದಿನಾ ತವರಿಗೆ ಹೋಗಿ ಕೂತಕಿ ಅಲ್ಲ ನೀ, ಈಗ ಆಸ್ಟ್ರಿಯಾಕ ಕರಕೊಂಡ ಬಂದು ನನ್ನ ಹೊರಗ ಹಾಕಿದಿ ನೋಡು. ನಾನೇನ್ರಿ ಮಾಡ್ಲಿ, ಅವರು ಕೇಳಲೇ ಇಲ್ಲ. ನೀ ಹೇಳಲೇ ಇಲ್ಲ. ನಮ್ಮ ಹಿಂದೆ ಬೆನ್ನುಚೀಲ ಹೊತ್ತ ನಾಲ್ವರು ಕಾಯುತ್ತಿದ್ದರು, ಕನ್ನಡದಲ್ಲಿ ಜಗಳ ಹೇಗಿರುತ್ತದೆ ಎಂದು ಅವರಿಗೂ ಕುತೂಹಲ ಇದ್ದಂತಿತ್ತು.

ಮಜಾ ಅಂದರೆ ಮೊದಲ ದಿನ ನನಗೆ ಅದು ಹಿಡಿಸಿತು, ಇದನ್ನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ನನ್ನ ಏಣಿ ಇಳಿದು ಬಂದರೆ ಊಟದ ಹಾಲಿನ ಆಚೆ ತುದಿಯಲ್ಲಿ ಒಬ್ಬ ಮನುಷ್ಯ, ಕಂದು ಸ್ವೆಟರು, ಕಿವಿಯವರೆಗೆ ಎಳೆದ ಉಣ್ಣೆ ಟೋಪಿ, ಐವತ್ತನಾಲ್ಕರ ಆಸುಪಾಸು, ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚುತ್ತಿದ್ದಾನೆ — ಯಾರು ಇವನು ಎಂದು ಒಂದು ಕ್ಷಣ ನಿಜಕ್ಕೂ ನೋಡಿದೆ. ಅಷ್ಟು ದೂರದಿಂದ ಇವರನ್ನು ನಾನು ನೋಡಿಯೇ ಇರಲಿಲ್ಲ. ಹೇಗೆ ನೋಡುವುದು, ಯಾವಾಗಲೂ ಪಕ್ಕದಲ್ಲಿರುತ್ತೇನೆ, ಮದುವೆಯ ಮಣೆಯ ಮೇಲೆ ಎಡಕ್ಕೆ ಕೂರಿಸಿದರು, ಅಲ್ಲಿಂದ ಎದ್ದೇ ಇಲ್ಲ, ಪೂಜೆಗೆ ಎಡಕ್ಕೆ, ಗ್ರೂಪ್ ಫೋಟೋದಲ್ಲಿ ಎಡಕ್ಕೆ, ಸಂಜೆ ತಿರುಗಾಡಲು ಹೋದರೆ ಎಡಕ್ಕೆ, ಅಪ್ಪಿತಪ್ಪಿ ಬಲಕ್ಕೆ ಬಂದರೆ ಅತ್ತೆ ಹಿಂದಿನಿಂದ, ಏ ಪ್ರಭಾ, ಆ ಕಡಿ ಬಾ, ಅಲ್ಲೇನ ಸತ್ಕಾರ ಐತಿ ನಿನಗ. ಪಕ್ಕದಲ್ಲಿರುವವರು ಕಾಣುವುದಿಲ್ಲ, ಬರೇ ಇರುತ್ತಾರೆ. ಹಾಲಿನ ಆಚೆ ತುದಿಯವನು ಕಂಡ. ಅವನು ಉಪ್ಪಿನಕಾಯಿ ಬಾಟಲಿ ಎಡಕ್ಕಿಟ್ಟ, ಒಂದು ತುತ್ತು ತಿಂದ, ಬಾಟಲಿ ಹುಡುಕಿದ. ಬಲಕ್ಕೆ ಹುಡುಕಿದ, ತಟ್ಟೆಯಾಚೆ ಹುಡುಕಿದ, ಮೇಜಿನ ಕೆಳಗೆ ಬಗ್ಗಿದ, ಎದುರಿನ ಜರ್ಮನ್ ಮುದುಕನನ್ನು ಸಂಶಯದಿಂದ ನೋಡಿದ. ಬಾಟಲಿ ಎಡ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು.

ಒಂದು ಮೂಲದಿಂದ ಬಂದದ್ದು ಪತ್ರಿಕೆಯಲ್ಲಿ ಸುದ್ದಿಯಲ್ಲ, ಎರಡನೆಯದು ಬೇಕು. ಕಳಮನಾ ಮಾರುಕಟ್ಟೆಯಿಂದ ತಂದ ಹನ್ನೆರಡು ಕಿತ್ತಳೆ ಸೂಟ್‌ಕೇಸಿನಲ್ಲಿತ್ತು, ನಾಗಪುರದವರು ಬರಿಗೈಲಿ ಎಲ್ಲಿಗೂ ಹೋಗುವುದಿಲ್ಲ, ಆ ಸಂಜೆ ಇವರ ತಟ್ಟೆಯ ಎಡಕ್ಕೆ ಒಂದು ಕಿತ್ತಳೆ ಇಟ್ಟು ನಾನು ಎದುರು ಕೂತೆ, ಪಕ್ಕದಲ್ಲಲ್ಲ. ಸೂಪು ಮುಗಿಯಿತು, ಆಲೂಗಡ್ಡೆ ಮುಗಿಯಿತು. ಏನ ಹೇಳು, ನಮ್ಮ ಸಂತ್ರಾದ ಮುಂದ ಇವರ ಸೇಬು ಏನೂ ಅಲ್ಲ, ಒಂದ ತರಬೇಕಿತ್ತು ನೀ ಕೆಳಗ, ಎಂದರು. ತಂದೀನ್ರಿ. ಎಲ್ಲೈತಿ? ನಾನು ಹೇಳಲಿಲ್ಲ. ತಲೆಯನ್ನು ಪೂರ್ತಿ ತಿರುಗಿಸಿದಾಗ ಕಂಡಿತು, ಓ, ಇಲ್ಲೇ ಐತಲ್ಲ, ಎಂದು ಆಶ್ಚರ್ಯಪಡದೆ ಸುಲಿಯತೊಡಗಿದರು, ಸುಲಿದ ಮೇಲೆ ಸಿಪ್ಪೆಯ ವಾಸನೆಗೆ ಅತ್ತ ಇತ್ತ ಕೂತವರೆಲ್ಲ ತಲೆ ಎತ್ತಿದರು, ಇವರು ಅವರಿಗೆಲ್ಲ ಒಂದೊಂದು ತೊಳೆ ಹಂಚಿದರು, ಎಡಕ್ಕೆ ಕೂತಿದ್ದ ಹುಡುಗಿಗೆ ಮಾತ್ರ ಕೊಡಲಿಲ್ಲ. ಆ ಹುಡುಗಿ ನನ್ನನ್ನು ನೋಡಿದಳು. ನಾನು ನನ್ನ ತೊಳೆಯನ್ನು ಅವಳಿಗೆ ಕೊಟ್ಟೆ. ಈಗ ಇದಕ್ಕೆ ಏನು ಹೆಸರಿಡಬೇಕು, ನನಗೆ ಗಾಬರಿಯಾಗಬೇಕಿತ್ತು, ಆಗಲಿಲ್ಲ, ಆದದ್ದು ಬೇರೆ, ಇಡೀ ಪುಟದ ಕರಡಿನಲ್ಲಿ ಎಲ್ಲೋ ಒಂದು ಕಡೆ ಏನೋ ಕೆಟ್ಟಿದೆ ಎಂದು ಕಣ್ಣಿಗೆ ಮೊದಲು ಗೊತ್ತಾಗುತ್ತದಲ್ಲ, ಏನು ಎಂದು ಇನ್ನೂ ತಿಳಿದಿರುವುದಿಲ್ಲ, ಬೆನ್ನು ನೆಟ್ಟಗಾಗುತ್ತದೆ, ಹಾಗಾಯಿತು. ಆ ರಾತ್ರಿ ಎಂಟು ಮಂಚದ ಕೋಣೆಯಲ್ಲಿ ಏಳು ಹೆಂಗಸರ ಉಸಿರು ಕೇಳುತ್ತ ಹಿಂದಿನದನ್ನೆಲ್ಲ ಹೊರಗೆ ತೆಗೆದೆ. ಬಜಾಜ್ ನಗರದ ಮನೆಯಲ್ಲಿ ಇವರು ಏನನ್ನೂ ಎಡವಿದ್ದಿಲ್ಲ, ಎಡವುವುದು ಹೇಗೆ, ಹದಿನೇಳು ವರ್ಷದಿಂದ ಕುರ್ಚಿ ಇದ್ದಲ್ಲೇ ಇದೆ, ಕನ್ನಡಕದ ಡಬ್ಬಿ ಟಿವಿಯ ಮೇಲೆ, ಮನೆಯನ್ನು ಇವರು ಕಣ್ಣಿಂದ ನೋಡುವುದಿಲ್ಲ, ಬಾಯಿಪಾಠ ಮಾಡಿದ್ದಾರೆ. ಮತ್ತು ಸ್ಕೂಟರ್. ಹಿಂದೆ ಕೂತ ನಾನು, ಎಡಕ್ಕ ಸೈಕಲ್ ಐತ್ರಿ, ಎಡಕ್ಕ ಆಟೋ ಬಂತ್ರಿ, ಎಡಕ್ಕ ಎಮ್ಮಿ. ನಮ್ಮ ಗಾಡಿಗೆ ಎರಡ ಹಾರ್ನ್ ಅದಾವ ನೋಡ್ರಿ, ಒಂದ ಮುಂದ, ಒಂದ ಹಿಂದ, ಹಿಂದಿಂದಕ್ಕ ಬ್ಯಾಟರಿನೂ ಬೇಡ, ಎಂದು ಕಚೇರಿಯವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಯಾವಾಗಿನಿಂದ ನಾನು ಹಾಗೆ ಹೇಳತೊಡಗಿದೆ, ಮದುವೆಯಾದ ಹೊಸದರಲ್ಲಿ ಹೇಳುತ್ತಿರಲಿಲ್ಲ, ಧನಶ್ರೀ ಹುಟ್ಟಿದಾಗ ಇಲ್ಲ, ಎರಡು ವರ್ಷ, ಮೂರು, ತಾರೀಖು ಸಿಗಲಿಲ್ಲ, ನನಗೆ ತಾರೀಖು ಸಿಗದ ಒಂದೇ ವಿಷಯ ಅದು. ಕಾಣದ ಕಡೆ ನಾನಿದ್ದೆ. ನಾನು ಅಲ್ಲಿದ್ದದ್ದರಿಂದ ಅಲ್ಲಿ ಕಾಣುವುದಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ, ಇವರಿಗೂ, ನನಗೂ.

ಒಳಗೆ ಸದ್ದು ನಿಂತಿದೆ. ಝಾಲಾ ಏಕ್ ಡೋಳಾ, ಒಂದು ಕಣ್ಣು ಮುಗಿಯಿತು ಕಾಕಾ, ಎರಡು ನಿಮಿಷ ಸುಧಾರಿಸಿಕೊಳ್ಳಿ. ಇವರ ದನಿ, ನಾ ಪಾಸಾ ಫೇಲಾ? ಅವಳ ನಗು. ಪಟ್ಟಿ ಬದಲಾಯಿಸುತ್ತಿರಬೇಕು. ಈಗ ಎಡಗಣ್ಣು. ಚೀಟಿಯ ಹಿಂದೆ ಜಾಗ ಮುಗಿದಿದೆ, ಪರ್ಸಿನಲ್ಲಿ ತರಕಾರಿಯ ಚೀಟಿ ಇದೆ, ಮೆಂತ್ಯ, ಹಸಿಮೆಣಸು, ಅದರ ಹಿಂದೆ ಬರೆಯಬಹುದು. ಅಥವಾ ಬರೆಯದೇ ಇರಬಹುದು. ಎದ್ದು ಹೋಗಬಹುದು, ಕೆಳಗೆ ಚಹಾದಂಗಡಿ ಇದೆ. ಪೆನ್ಸಿಲು ಕೈಯಲ್ಲೇ ಇದೆ.

ಡಿಸೆಂಬರ್ ಮೂವತ್ತನೆಯ ತಾರೀಖು, ಭಾನುವಾರ. ಹಾಸ್ಟೆಲಿನಿಂದ ಒಂದು ಕಾಲುದಾರಿ ಇಳಿದು ಕೆಳಗಿನ ಹಳ್ಳಿಗೆ ಹೋಗುತ್ತದೆ, ರಾತ್ರಿ ಹಿಮ ಬಿದ್ದಿತ್ತು, ಬೆಳಿಗ್ಗೆ ದಾರಿಯೂ ಇಳಿಜಾರೂ ಒಂದೇ ಬಿಳಿ, ಎಲ್ಲಿ ಇದು ಮುಗಿದು ಅದು ಶುರುವಾಗುತ್ತದೆ ಎಂದು ತಿಳಿಯುವಂತಿರಲಿಲ್ಲ, ಅದಕ್ಕಾಗಿಯೇ ಅವರು ಎಡಬದಿಗೆ, ಇಳಿಜಾರಿನ ಅಂಚಿಗೆ, ಇಪ್ಪತ್ತು ಹೆಜ್ಜೆಗೊಂದರಂತೆ ಆಳೆತ್ತರದ ಕೆಂಪು ಕಂಬಗಳನ್ನು ನೆಟ್ಟಿರುತ್ತಾರೆ. ಕಂಬ ಯಾವಾಗಲೂ ನಿಮ್ಮ ಎಡಕ್ಕಿರಲಿ ಎಂದು ಒಡತಿ ಹೊರಡುವಾಗ ಹೇಳಿದಳು, ಕಂಬದ ಬಲಕ್ಕೆ ನಡೆಯಿರಿ, ಆಚೆಗೆ ನೆಲವಿಲ್ಲ. ಬರೋಬರ್, ಎಂದರು ಇವರು ಅವಳಿಗೆ, ಆಸ್ಟ್ರಿಯಾದವಳಿಗೆ ಮರಾಠಿಯಲ್ಲಿ. ಗಾಳಿ ಇರಲಿಲ್ಲ. ಹಿಮ ಕಾಲಡಿ ಅವಲಕ್ಕಿಯಂತೆ ಸದ್ದು ಮಾಡುತ್ತಿತ್ತು, ಇವರು ಅದನ್ನು ಎರಡು ಸಲ ಹೇಳಿದರು, ಪ್ರಭಾ, ಅವಲಕ್ಕಿ ತುಳದಂಗ ಆಗಾಕತ್ತೈತಿ. ನಾನು ಎಡಕ್ಕಿದ್ದೆ. ಮೊದಲ ಕಂಬ, ಎರಡನೆಯದು, ಐದನೆಯದು, ಎಡಕ್ಕೆ ನಾನು ನಡೆಯುತ್ತಿದ್ದರೆ ಇವರು ತಾವಾಗಿಯೇ ಬಲಕ್ಕೆ ಇರುತ್ತಾರೆ, ನನ್ನ ತೋಳು ತಾಗಿದ ಕಡೆಯಿಂದ ಇವರ ದಾರಿ ಗೊತ್ತಾಗುತ್ತದೆ. ಆಮೇಲೆ ಕೈಗವಸು ತೆಗೆದು ಗಡಿಯಾರ ನೋಡಿದೆ, ಹತ್ತೂವರೆ. ಆಮೇಲೆ ನಾನು ನಿಂತೆ. ಬೂಟಿನ ಲಾಡಿ ಬಿಚ್ಚಿರಲಿಲ್ಲ, ಉಸಿರು ಕಟ್ಟಿರಲಿಲ್ಲ, ಫೋಟೋ ತೆಗೆಯುವುದಿರಲಿಲ್ಲ, ಏನೂ ಇರಲಿಲ್ಲ. ನಾನು ಇಲ್ಲದಿದ್ದರೆ ಏನಾಗುತ್ತದೆ ನೋಡೋಣ ಎಂದು ನಿಂತೆ. ಮೂರನೆಯ ಮೂಲ. ಎರಡಿದ್ದರೆ ಸಾಕಾಗಿತ್ತು.

ಇವರು ಮಾತಾಡುತ್ತ ಮುಂದೆ ಹೋದರು, ನಾನು ಪಕ್ಕದಲ್ಲೇ ಇದ್ದೇನೆ ಎಂದುಕೊಂಡು, ಅಲ್ಲೂ ಮಿದುಳು ನನ್ನನ್ನು ಎಳೆದು ಹೊದಿಸಿಕೊಂಡಿತ್ತೋ ಏನೋ. ಎರಡು ಕಂಬ ದಾಟುವವರೆಗೆ ಏನೂ ಆಗಲಿಲ್ಲ, ಬರೇ ಇವರ ದಾರಿ ನಿಧಾನ ಎಡಕ್ಕೆ ವಾಲಿತು, ಹಿಂದೆ ನಿಂತರೆ ಹೆಜ್ಜೆ ಗುರುತಿನ ಸಾಲು ಚೆನ್ನಾಗಿ ಕಾಣುತ್ತದೆ, ನಕ್ಷೆಯ ಗೆರೆಯಂತೆ, ಸರಳವಾಗಿ, ಸ್ವಲ್ಪವೇ ಓರೆ. ನನಗೆ ಆ ಓರೆ ಎಷ್ಟು ಡಿಗ್ರಿ ಎನ್ನುವ ಯೋಚನೆ ಬಂತು. ಇದು ನಿಜ, ಬಂತು. ಆಮೇಲೆ ಕೆಂಪು ಕಂಬ. ಇವರು ನೇರ ಅದರ ಕಡೆಗೆ ಹೋಗುತ್ತಿದ್ದರು, ಅದು ಇವರ ಎಡಭುಜದ ಎದುರಿಗಿತ್ತು, ನಾಲ್ಕು ಹೆಜ್ಜೆ, ಕೂಗಿದರೆ ಕೇಳುವ ದೂರ, ಎಡಕ್ಕ ಕಂಬ ಐತ್ರಿ, ಮೂರು ಪದ, ಸ್ಕೂಟರಿನ ಹಿಂದೆ ದಿನಕ್ಕೆ ನಲವತ್ತು ಸಲ ಹೇಳುವ ಪದಗಳು. ಮೂರು ಹೆಜ್ಜೆ. ಬಿಳಿಯಲ್ಲಿ ಅಷ್ಟು ಕೆಂಪು ಇನ್ನೊಂದು ಇರಲಿಲ್ಲ, ಯಾರಿಗಾದರೂ ಕಾಣಬೇಕು, ಕಾಣುತ್ತದೆಯೇ. ನನ್ನ ಬಾಯಿ ಮುಚ್ಚಿತ್ತು. ಎರಡು. ಅಂಚು ಕಂಬದಿಂದ ಒಂದು ಮೊಳ ಆಚೆಗಿತ್ತು, ಇದೂ ನನಗೆ ಗೊತ್ತಿತ್ತು, ಕಂಬ ತಾಗದೆ ಪಕ್ಕದಿಂದ ಹಾದುಹೋದರೆ ಏನಾಗುತ್ತಿತ್ತು ಎಂದು ಗೊತ್ತಿತ್ತು, ಗೊತ್ತಿದ್ದೂ.

ಹುಬ್ಬು ಒಡೆಯಿತು, ಕನ್ನಡಕದ ಎಡಗಾಜು ಸೀಳಿತು, ಇವರು ಕಂಬವನ್ನು ತಬ್ಬಿಕೊಂಡೇ ಹಿಮದಲ್ಲಿ ಕುಸಿದು ಕೂತರು. ನಾನು ಓಡಿದೆ, ಅಷ್ಟು ಹೊತ್ತು ನಿಂತವಳು ಆಗ ಓಡಿದೆ. ಬಿಳಿಯ ಮೇಲೆ ಐದಾರು ಹನಿ ರಕ್ತ, ಇವರು ನಗುತ್ತಿದ್ದರು, ನಾ ಹಿಮಾ ನೋಡ್ಕೊಂತ ಹೊಂಟಿದ್ದೆ ಪ್ರಭಾ, ಈ ಸುಡಗಾಡ ಕಂಬ ಎಲ್ಲಿಂದ ಬಂತು, ಒದರಿದ್ದರ ಸರದು ನಿಂದರತಿತ್ತೋ ಏನೋ. ಹಾಸ್ಟೆಲಿನ ಒಡತಿ ಪಟ್ಟಿ ಅಂಟಿಸುತ್ತ ಹಿಮದ ಬೆಳಕಿಗೆ ಕಣ್ಣು ಕೋರೈಸುತ್ತದೆ, ಹೊಸಬರಿಗೆ ಹೀಗಾಗುತ್ತದೆ ಎಂದಳು. ಇವರಿಗೆ ಆ ಮಾತು ಬಹಳ ಹಿಡಿಸಿತು, ನಾಗಪುರಕ್ಕೆ ಬಂದ ಮೇಲೆ ಎಲ್ಲರಿಗೂ ಅದನ್ನೇ ಹೇಳಿದರು, ಬಿಳೇ ಬೆಳಕು ಕಣ್ಣಿಗೆ ಹೊಡೀತದ ಅಲ್ಲಿ, ಕಂಬ ಕಾಣೂದಿಲ್ಲ, ಮನಷ್ಯಾ ಕಾಣೂದಿಲ್ಲ. ಅತ್ತೆ ಗಾಯ ನೋಡಿ, ಫ್ರಿಜ್ಜಿಗೆ ಇಂಥಾ ಕಂಬ ಇರೂದಿಲ್ಲ, ನಾ ಹೇಳಿದ್ದೆ. ಎಲ್ಲರೂ ನಕ್ಕರು, ನಾನೂ. ಆಮೇಲೆ ಏನು ಮಾಡಿದೆ ಎಂದರೆ, ಸ್ಕೂಟರನ್ನು ಸರ್ವಿಸಿಗೆ ಬಿಟ್ಟು ಮೆಕ್ಯಾನಿಕ್ ಲಕ್ಷ್ಮೀಕಾಂತನಿಗೆ ಹೇಳಿದೆ, ನಾನಾಗಿ ಹೇಳುವವರೆಗೆ ಕೊಡಬೇಡ, ಯಾವುದೋ ಪಾರ್ಟ್ ಸಿಗುತ್ತಿಲ್ಲ ಅನ್ನು. ಇವರು ದಿನಾ ಫೋನು ಮಾಡಿ ಅವನನ್ನು ಬೈದರು. ಮನೆಯಲ್ಲಿ ನೀರಿನ ಲೋಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟು ನೋಡಿದೆ, ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕೆ ಹಾಕಿದೆ. ಹೊಸ ಗಾಜು ಹಾಕಿಸಬೇಕಲ್ಲ, ಹೇಗೂ ಹೋಗುತ್ತೀರಿ, ಕಣ್ಣು ತೋರಿಸಿಕೊಂಡು ಬರೋಣ ಎಂದು ಕರೆದುಕೊಂಡು ಬಂದದ್ದು ಫೆಬ್ರವರಿ ಎಂಟಕ್ಕೆ. ಡಿಸೆಂಬರ್ ಮೂವತ್ತರಿಂದ ಫೆಬ್ರವರಿ ಎಂಟು, ನಲವತ್ತು ದಿನ. ಖಚಿತವಾಗಲಿ ಎಂದು ಕಾದೆ, ಹೀಗೆಂದು ನನಗೆ ನಾನೇ ಹೇಳಿಕೊಂಡದ್ದು, ಪತ್ರಿಕೆಯಲ್ಲಿ ಇದು ಒಪ್ಪುವ ಮಾತು. ನಿಜವೇನೆಂದರೆ ಡಾಕ್ಟರ ಮುಂದೆ ಕೂತರೆ ಯಾವಾಗ ಮೊದಲು ಗೊತ್ತಾಯಿತು ಎಂದು ಕೇಳುತ್ತಾರೆ, ಪಕ್ಕದಲ್ಲಿ ಇವರಿರುತ್ತಾರೆ. ಶುಕ್ರವಾರ ಅವರು ಕೇಳಲಿಲ್ಲ. ಕೇಳಲಾರದ್ದನ್ನು ನಾನು ಹೇಳಲಿಲ್ಲ.

ಗುರ್ರ್. ಶುರುವಾಯಿತು. ಗುರ್ರ್. ಎಡಗಣ್ಣು, ಬೋಗುಣಿಯ ಬಿಳಿ, ಎಲ್ಲೋ ಒಂದು ಚುಕ್ಕೆ. ಗುರ್ರ್. ಟಿಕ್ — ಬಂತು, ಒಂದು ಬಂತು. ಗುರ್ರ್, ಗುರ್ರ್, ಗುರ್ರ್. ಒತ್ತಿರಿ. ಗುಂಡಿ ಕೆಟ್ಟಿರಬಹುದು, ನಿದ್ದೆ ಬಂದಿರಬಹುದು, ಊಟದ ಹೊತ್ತು ಹತ್ತಿರವಾಯಿತು. ಗುರ್ರ್. ಕಾಕಾ, ಡೋಳೇ ಉಘಡೇ ಠೇವಾ, ಕಣ್ಣು ತೆರೆದಿಡಿ. ಉಘಡೇಚ್ ಆಹೇತ್, ತೆರೆದೇ ಇವೆ, ಇವರ ದನಿ, ಸ್ವಲ್ಪ ಸಣ್ಣದಾಗಿದೆ, ಬಾಯೀ, ಲೈಟ್ ಚಾಲೂ ಆಹೇ ನಾ, ದೀಪ ಹತ್ತಿದೆಯಲ್ಲ? ಈ ಸಲ ಅವಳು ನಗಲಿಲ್ಲ. ಗುರ್ರ್. ತರಕಾರಿ ಚೀಟಿಯ ಹಿಂದೆ ಹನ್ನೊಂದು ಗೀಟು, ಪಕ್ಕದಲ್ಲಿ ಒಂದು. ಆಮೇಲೆ ಇಪ್ಪತ್ತಾರು, ಒಂದು. ಇನ್ನು ಎಳೆಯುವುದು ಬೇಡ. ಈ ಬೆಳಕುಗಳೆಲ್ಲ ಬರುತ್ತಿವೆ, ಹೋಗುತ್ತಿವೆ, ಇವರಿಗೆ ಅಲ್ಲಿ ಬೋಗುಣಿಯ ಬಿಳಿ ಮಾತ್ರ, ನೆಮ್ಮದಿಯ ಬಿಳಿ, ಆ ಬೆಳಿಗ್ಗೆಯೂ ಹಾಗೇ ಇತ್ತೇ, ನಾನು ನಲವತ್ತನಾಲ್ಕು ದಿನದಿಂದ ತಿಳಿಯಬೇಕೆಂದಿರುವುದು ಅದೊಂದೇ, ಕೆಂಪು ಕಂಬ ಇದ್ದಲ್ಲಿ 'ಕಂಬವಿಲ್ಲ' ಎಂದು ಕಂಡಿತೇ ಅಥವಾ ಬರೇ ಹಿಮ ಕಂಡಿತೇ, ಎರಡಕ್ಕೂ ಏನು ವ್ಯತ್ಯಾಸ, ಇವರನ್ನು ಕೇಳಬೇಕು, ಕೇಳಬೇಕಾದರೆ ನಾನು ಅದನ್ನು ಮೊದಲೇ ನೋಡುತ್ತಿದ್ದೆ ಎನ್ನಬೇಕು.

ಬಾಗಿಲು ತೆರೆಯಿತು, ಒಳಗೆ ದೀಪ ಹಾಕಿದ್ದಾಳೆ, ಇವರು ಹೊರಗೆ ಬಂದು ಬಾಗಿಲ ಚೌಕಟ್ಟನ್ನು ಎಡಗೈಯಿಂದ ಮುಟ್ಟಿ, ಮುಟ್ಟಿದ್ದು ತಮಗೇ ಗೊತ್ತಿಲ್ಲದೆ, ನನ್ನ ಬಲಕ್ಕೆ ಕೂತರು, ಎಂದಿನಂತೆ, ಅಂದರೆ ನಾನು ಎಡಕ್ಕೆ. ಹೋತು ಪ್ರಭಾ ಒಂದ, ಎಂದರು, ರೈಲು ತಪ್ಪಿದವರ ಹಾಗೆ. ನಕ್ಷೆ ಬಲಗಣ್ಣಿಲೇನೂ ಬರೀಬಹುದು, ಏನ್ ಅಂತಿ. ಬರೀಬಹುದ್ರಿ. ಆ ಹೆಂಗಸು ಒಂದು ಹಾಳೆ ಹಿಡಿದು ಎದುರು ನಿಂತಳು, ಡಾಕ್ಟರಿಗೆ ಕೊಡುವ ಮೊದಲು ತುಂಬಬೇಕಂತೆ, ವಯಸ್ಸು ಬರೆದಳು, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಇಲ್ಲ, ಆಮೇಲೆ ನನ್ನನ್ನು ನೋಡಿ, ಕಾಕೂ, ಹೇ ಪಹಿಲ್ಯಾಂದಾ ಕಧೀ ಲಕ್ಷಾತ್ ಆಲಂ, ಮೊದಲು ಯಾವಾಗ ಗಮನಕ್ಕೆ ಬಂತು. ಇವರೇ ಬಾಯಿ ಹಾಕಿದರು, ತಿಲಾ ಕಾಯ್ ಮಾಹೀತ್, ಅವಳಿಗೇನು ಗೊತ್ತು, ನನಗೇ ಗೊತ್ತಾಗಿಲ್ಲ. ಮತ್ತೆ ನನ್ನ ಕಡೆ, ಮೆಲ್ಲಗೆ, ಎಂಟ ತಾರೀಖ ಅಂತ ಹೇಳಿ ಮುಗಸು, ಊಟಕ್ಕ ಹೋಗೂಣು. ಎಂಟು ಎಂದರೆ ಮುಗಿಯುತ್ತದೆ. ಯಾರೂ ತಿದ್ದುವುದಿಲ್ಲ. ಅವಳ ಪೆನ್ನು ಕಾಯುತ್ತಿದೆ. ಹಾಳೆಯಲ್ಲಿ ಖಾಲಿ ಗೆರೆ, ಕೇಳಿದ್ದಾರೆ, ಈಗ ಕೇಳಿದ್ದಾರೆ.

ತೀಸ್ ಡಿಸೆಂಬರ್, ಎಂದೆ, ಮೂವತ್ತು. ರವಿವಾರ್. ಸಕಾಳೀ ಸಾಡೇ ದಹಾ, ಬೆಳಿಗ್ಗೆ ಹತ್ತೂವರೆ. ವೇಳೆ ಬೇಡ ಕಾಕೂ, ತಾರೀಖು ಸಾಕು, ಎಂದು ಬರೆದುಕೊಂಡು ಅವಳು ಹೋದಳು. ಇವರ ಬೆರಳು ಹುಬ್ಬಿನ ಗಾಯದ ಗುರುತಿಗೆ ಹೋಯಿತು, ಅಲ್ಲಿ ನಿಂತಿತು. ಆಮೇಲೆ ತಲೆಯನ್ನು ಪೂರ್ತಿ, ಭುಜದವರೆಗೆ, ನನ್ನ ಕಡೆ ತಿರುಗಿಸಿದರು, ನನ್ನನ್ನು ಹುಡುಕುವವರಂತೆ, ಸಿಕ್ಕಿದ ಮೇಲೂ ನೋಡುತ್ತಲೇ ಇದ್ದರು, ಕಣ್ಣಿಗೆ ಹಾಕಿದ ಔಷಧದಿಂದ ಕಪ್ಪು ಗುಡ್ಡೆಗಳು ದೊಡ್ಡದಾಗಿದ್ದವು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯಬೇಕೆಂದಿದ್ದರು. ಅವತ್ತ ಕಂಬಕ್ಕ ಬಡಿಯೂಕಿಂತ ಮೊದಲು ನೀ ಎಲ್ಲಿದ್ದಿ ಪ್ರಭಾ? ನಾನು ಎಲ್ಲಿದ್ದೆ, ನಾನು ಹಿಂದೆ, ಎರಡು ಕಂಬ ಹಿಂದೆ, ಹೇಳಬೇಕು, ಹೇಳುತ್ತೇನೆ, ಗಾಳಿ ಇರಲಿಲ್ಲ, ನೀವು ಮಾತಾಡುತ್ತಿದ್ದಿರಿ, ನಾನು ನಿಂತಿದ್ದೆ, ಬಿಳಿ, ಅಷ್ಟು ಬಿಳಿಯಲ್ಲಿ ಕೆಂಪು ಕಂಬ, ಮೂರು ಹೆಜ್ಜೆ, ನನ್ನ ಬಾಯಿ ಮುಚ್ಚಿದೆ, ಎರಡು, ಕೆಂಪು ಕಂಬ, ಎರಡು, ಕೆಂಪು ಕಂಬ